ಹಳೆಯ ಆಟಗಳು ಉಳಿದದ್ದು ಹೇಗೆ?

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’, ‘ಡೂಮ್’, ‘ಸಿಮ್‌ಸಿಟಿ’ಗಳನ್ನು ಪರಿಚಯಿಸಬೇಕಿಲ್ಲ. ಅಂದಿನ ಆ ಆಟಗಳು ಇಂದಿನ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಓಡುವುದಿಲ್ಲ. ಆದರೂ ಅವನ್ನು ಆಡುವವರು ಈಗಲೂ ಇದ್ದಾರೆ. ಇದು ತಾನಾಗಿ ಆದದ್ದಲ್ಲ.

ಡಾಸ್ ಕಾಲದಲ್ಲಿ ಆಟಕ್ಕೂ ಯಂತ್ರಕ್ಕೂ ನಡುವೆ ಯಾರೂ ಇರಲಿಲ್ಲ ಎಂದರೂ ನಡೆಯುತ್ತದೆ. ಆಟವೇ ಪರದೆಯ ಮೆಮೊರಿಗೆ ನೇರವಾಗಿ ಬರೆಯುತ್ತಿತ್ತು, ಸೌಂಡ್ ಬ್ಲಾಸ್ಟರ್ ಕಾರ್ಡಿನೊಡನೆ ತಾನೇ ವ್ಯವಹರಿಸುತ್ತಿತ್ತು. ಕೆಲವು ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರ ಮಾಡಿಕೊಂಡಿದ್ದವು. ವೇಗದ ಯಂತ್ರಗಳು ಬಂದಾಗ ಅವು ಆಡಲಾಗದಷ್ಟು ಜೋರಾಗಿ ಓಡತೊಡಗಿದವು. ಹಳೆಯ ಕಂಪ್ಯೂಟರುಗಳಲ್ಲಿದ್ದ ‘ಟರ್ಬೊ’ ಗುಂಡಿಯನ್ನು ಒತ್ತಿ ಯಂತ್ರವನ್ನು ನಿಧಾನ ಮಾಡಬೇಕಾಗುತ್ತಿತ್ತು.

ಮೊದಮೊದಲು ಹಳೆಯ ಆಟಗಳ ಹೊಣೆ ಹೊತ್ತದ್ದು ಆಪರೇಟಿಂಗ್ ಸಿಸ್ಟಮ್ ತಯಾರಿಸಿದವರೇ. ಸಿಮ್‌ಸಿಟಿಯಲ್ಲಿ ಒಂದು ದೋಷವಿತ್ತು: ತಾನು ಬಿಟ್ಟುಕೊಟ್ಟ ಮೆಮೊರಿಯನ್ನೇ ಅದು ಮತ್ತೆ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಇದು ಹೇಗೋ ನಡೆದುಹೋಗುತ್ತಿತ್ತು, ವಿಂಡೋಸ್ 95ರಲ್ಲಿ ನಡೆಯುವಂತಿರಲಿಲ್ಲ. ಮೈಕ್ರೋಸಾಫ್ಟ್ ಆಟವನ್ನು ತಿದ್ದಲಿಲ್ಲ, ವಿಂಡೋಸನ್ನೇ ಬಗ್ಗಿಸಿತು. ಓಡುತ್ತಿರುವುದು ಸಿಮ್‌ಸಿಟಿ ಎಂದು ತಿಳಿದರೆ ಬಿಟ್ಟ ಮೆಮೊರಿಯನ್ನು ತಕ್ಷಣ ಬೇರೆಯವರಿಗೆ ಕೊಡದಂತೆ ಏರ್ಪಾಟು ಮಾಡಿತು. ಹಳೆಯ ಪ್ರೋಗ್ರಾಂಗಳು ಓಡದಿದ್ದರೆ ಜನ ಹೊಸ ವಿಂಡೋಸ್ ಕೊಳ್ಳುವುದಿಲ್ಲ ಎಂಬ ವ್ಯಾಪಾರದ ಲೆಕ್ಕ ಇದರ ಹಿಂದಿತ್ತು.

ಆ ಲೆಕ್ಕ ಬಹಳ ಕಾಲ ನಡೆಯಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿ, ಪ್ರೋಗ್ರಾಂಗಳು ಯಂತ್ರವನ್ನು ನೇರವಾಗಿ ಮುಟ್ಟಲು ಬಿಡಲಿಲ್ಲ. 64 ಬಿಟ್ ವಿಂಡೋಸ್ ಬಂದ ಮೇಲೆ 16 ಬಿಟ್ ಪ್ರೋಗ್ರಾಂಗಳಿಗೆ ಬಾಗಿಲೇ ಮುಚ್ಚಿತು. ತಮಾಷೆಯೆಂದರೆ, ತೊಂಬತ್ತರ ದಶಕದ ಕೆಲವು ಆಟಗಳು 32 ಬಿಟ್‌ನವು, ಅವನ್ನು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ ಮಾತ್ರ 16 ಬಿಟ್‌ನದು. ಆಟ ಓಡಬಲ್ಲದು, ಆದರೆ ಒಳಗೆ ಬರಲಾರದು!

ಇಲ್ಲಿಂದ ಮುಂದೆ ಕೆಲಸ ಹವ್ಯಾಸಿಗಳ ಕೈಗೆ ಬಂತು. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಹಳೆಯ ಕಂಪ್ಯೂಟರನ್ನೇ ಹೊಸದರೊಳಗೆ ಸಾಫ್ಟ್‌ವೇರಿನಲ್ಲಿ ಕಟ್ಟಿ ನಿಲ್ಲಿಸುತ್ತದೆ. ಪ್ರೊಸೆಸರು, ಸೌಂಡ್ ಬ್ಲಾಸ್ಟರ್, ಕೊನೆಗೆ ಆ ನಿಧಾನಗತಿ ಕೂಡ ಅಲ್ಲಿವೆ. ಅದಕ್ಕೂ ಒಂದು ವರ್ಷ ಮೊದಲು ಶುರುವಾದ ಸ್ಕಮ್‌ವಿಎಂ ಹಿಡಿದದ್ದು ಬೇರೆ ದಾರಿ. ‘ಮಂಕಿ ಐಲ್ಯಾಂಡ್’ನಂಥ ಆಟಗಳ ಚಿತ್ರ, ಮಾತು, ಕತೆಯ ಫೈಲುಗಳನ್ನು ಹಾಗೆಯೇ ಇಟ್ಟುಕೊಂಡು, ಅವನ್ನು ನಡೆಸುವ ಎಂಜಿನನ್ನು ಮಾತ್ರ ಹೊಸದಾಗಿ ಬರೆದರು. ಡೂಮ್ ವಿಷಯದಲ್ಲಿ ಇಷ್ಟು ಕಷ್ಟಪಡಬೇಕಾಗಲಿಲ್ಲ. ಅದನ್ನು ತಯಾರಿಸಿದ ಇಡ್ ಸಾಫ್ಟ್‌ವೇರ್ 1997ರಲ್ಲಿ ತಾನೇ ಸೋರ್ಸ್ ಕೋಡ್ ಬಿಟ್ಟುಕೊಟ್ಟಿತು. ಅಂದಿನಿಂದ ಯಾವ ಹೊಸ ಯಂತ್ರ ಬಂದರೂ ಅದರಲ್ಲಿ ಡೂಮ್ ಓಡಿಸಿ ನೋಡುವುದೇ ಒಂದು ಆಟವಾಗಿದೆ.

ಮಾಲೀಕರೇ ಹಾಕಿದ ಬೀಗದಿಂದ ನಿಂತುಹೋದ ಆಟಗಳೂ ಇವೆ. ನಕಲು ತಡೆಯಲು ಬಂದ ಸೇಫ್‌ಡಿಸ್ಕ್, ಅಸಲಿ ಸಿ.ಡಿ. ಇದೆಯೇ ಎಂದು ನೋಡಲು ಆಪರೇಟಿಂಗ್ ಸಿಸ್ಟಮಿನ ಒಳಗೇ ಕೂರುತ್ತಿತ್ತು. ಅದು ಸುರಕ್ಷತೆಗೆ ಅಪಾಯವೆಂದು 2015ರಲ್ಲಿ ವಿಂಡೋಸ್ 10 ಅದನ್ನು ಹೊರಗಿಟ್ಟಿತು. ಹಣ ಕೊಟ್ಟು ಅಸಲಿ ಸಿ.ಡಿ. ಕೊಂಡವರ ಆಟ ನಿಂತಿತು. ಬೀಗ ಒಡೆದ ಕಳ್ಳಪ್ರತಿಗಳಿಗೆ ಈ ತೊಂದರೆ ತಟ್ಟಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2008ರಲ್ಲಿ ಶುರುವಾದ ಪೋಲೆಂಡಿನ ಗಾಗ್ ಮಳಿಗೆ ಹಳೆಯ ಆಟಗಳಿಗೆ ಡಾಸ್‌ಬಾಕ್ಸ್ ಜೋಡಿಸಿ, ಬೀಗವಿಲ್ಲದೆ ಮಾರಿ, ಅದರಲ್ಲೂ ವ್ಯಾಪಾರವಿದೆ ಎಂದು ತೋರಿಸಿತು.

ಅಂದರೆ ಆಟದ ಫೈಲುಗಳು ಪೂರ್ತಿಯಾಗಿ ಆಡುವವನ ಕೈಯಲ್ಲಿದ್ದರೆ ಯಾರಾದರೊಬ್ಬರು ಮುಂದೆಂದಾದರೂ ಅದನ್ನು ಓಡಿಸಬಲ್ಲರು. ಈಗ ಅದೇ ತಪ್ಪಿಹೋಗುತ್ತಿದೆ. ಯೂಬಿಸಾಫ್ಟ್‌ನ ‘ದ ಕ್ರೂ’ ಆಡಲು ಕಂಪನಿಯ ಸರ್ವರ್ ಬೇಕೇ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಕೊಂಡವರೆಲ್ಲರ ಆಟವೂ ಅಂದೇ ಮುಗಿಯಿತು. ಅದು ಹತ್ತು ವರ್ಷವೂ ತುಂಬದ ಆಟ. 1993ರ ಡೂಮ್ ಮಾತ್ರ ಇಂದಿಗೂ ಓಡುತ್ತಿದೆ.