ಓಮ್ ಅವರ ಭಾಗಾಕಾರ

230 ವೋಲ್ಟ್ ವಿದ್ಯುತ್ತಿನಲ್ಲಿ ಇಸ್ತ್ರಿಪೆಟ್ಟಿಗೆಯೊಂದು 5 ಆಂಪಿಯರ್ ಪ್ರವಾಹವನ್ನು ಸೆಳೆದರೆ, ಭಾಗಿಸಿ ಅದರ ರೋಧ 46 ಓಮ್ ಎಂದೂ, ಗುಣಿಸಿ ಅದರ ಸಾಮರ್ಥ್ಯ 1,150 ವಾಟ್ ಎಂದೂ ನಾವು ಕ್ಷಣಮಾತ್ರದಲ್ಲಿ ಹೇಳುತ್ತೇವೆ. ಈ ಸುಲಭದ ಲೆಕ್ಕದ ಹಿಂದೆ ಒಬ್ಬ ಉಪಾಧ್ಯಾಯರ ಬಾಳಿನ ಬಹುಭಾಗ ಸವೆದುದನ್ನು ಮರೆಯುತ್ತೇವೆ.

1820ರ ದಶಕದಲ್ಲಿ ಜರ್ಮನಿಯ ಕಲೋನ್ ನಗರದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಗೇಯಾರ್ಗ್ ಸೈಮನ್ ಓಮ್, ತಂತಿಯ ಉದ್ದಕ್ಕೂ ಅದರಲ್ಲಿ ಹರಿಯುವ ಪ್ರವಾಹಕ್ಕೂ ಇರುವ ಸಂಬಂಧವನ್ನು ಅರಸುತ್ತಿದ್ದರು. ಅಂದಿನ ವೋಲ್ಟಾ ಕೋಶಗಳ ಬಲ ಅಳೆಯುತ್ತಿರುವಾಗಲೇ ಕುಂದುತ್ತಿತ್ತು. ಭಾಜ್ಯವೇ ನಿಲ್ಲದಿದ್ದರೆ ಭಾಗಲಬ್ಧ ಹೇಗೆ ನಿಂತೀತು? ಭೌತವಿಜ್ಞಾನಿ ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಓಮ್ ತಾಮ್ರ, ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಿಂದಲೂ ಇನ್ನೊಂದನ್ನು ಮಂಜುಗಡ್ಡೆಯಿಂದಲೂ ಒಂದೇ ಉಷ್ಣತೆಯಲ್ಲಿರಿಸಿದರು. ವಿದ್ಯುತ್ತಿನ ಮೂಲ ಸ್ಥಿರವಾಯಿತು. ನಿಯಮವೂ ಕೈಗೆ ಸಿಕ್ಕಿತು.

1827ರಲ್ಲಿ ಅದು ಗ್ರಂಥವಾಗಿ ಹೊರಬಂದರೂ ನಿರೀಕ್ಷಿಸಿದ ಮನ್ನಣೆ ದೊರೆಯಲಿಲ್ಲ. ಮರುವರ್ಷ ಓಮ್ ಕಲೋನಿನ ಹುದ್ದೆಯನ್ನು ತೊರೆದರು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕವನ್ನಿತ್ತುದು 1841ರಲ್ಲಿ. ಅದೇ ವರ್ಷ ಇಂಗ್ಲೆಂಡಿನ ಜೇಮ್ಸ್ ಜೂಲ್, ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿರುವುದೆಂದು ಪ್ರಕಟಿಸಿದರು. ನಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ 5ರ ವರ್ಗವಾದ 25ನ್ನು 46ರಿಂದ ಗುಣಿಸಿದರೂ ಬರುವುದು ಅದೇ 1,150.

ಓಮ್ ಬಹುಕಾಲ ಬಯಸಿದ್ದ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ದೊರೆತುದು 1852ರಲ್ಲಿ. ಎರಡು ವರ್ಷಗಳ ಬಳಿಕ ಅವರು ತೀರಿಕೊಂಡರು. ರೋಧದ ಮಾನಕ್ಕೆ ಇಂದು ಅವರದೇ ಹೆಸರು.