ಕಡೆಯುವವರ ಕೂಟ

ಕನ್ನಡದ ‘ಕಡೆ’ ಎಂಬ ಧಾತು ಚಿಕ್ಕದು. ಅದರ ವ್ಯಾಪ್ತಿ ಮಾತ್ರ ದೊಡ್ಡದು. ಮನೆಯಲ್ಲಿ ಮೊಸರನ್ನು ಕಡೆಯುತ್ತೇವೆ. ಯಜ್ಞಶಾಲೆಯಲ್ಲಿ ಅರಣಿಯಿಂದ ಬೆಂಕಿಯನ್ನು ಕಡೆಯುತ್ತಾರೆ. ಪುರಾಣದ ದೇವಾಸುರರು ಕಡಲನ್ನೇ ಕಡೆದರು. ಮರದ ತುಂಡನ್ನು ಗಿರಗಿರನೆ ತಿರುಗಿಸಿ, ಅದಕ್ಕೆ ಉಳಿಯನ್ನು ಒಡ್ಡಿ, ದುಂಡಾದ ರೂಪವನ್ನು ತರುವ ಕೆಲಸಕ್ಕೂ ನಮ್ಮ ಹಿರಿಯರು ಬೇರೊಂದು ಶಬ್ದವನ್ನು ಹುಡುಕಲಿಲ್ಲ. ಅದನ್ನೂ ಕಡೆಯುವುದೆಂದೇ ಕರೆದರು. ಹೀಗೆ ಕರೆದದ್ದರಲ್ಲಿ ಅವರ ಸೂಕ್ಷ್ಮ ದೃಷ್ಟಿ ಕಾಣುತ್ತದೆ. ಹಗ್ಗ ಸುತ್ತಿದ ಕಡಗೋಲು ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗುವಂತೆಯೇ ಹಿಂದಿನ ಕಾಲದ ಮರ ಕಡೆಯುವ ಯಂತ್ರವೂ ತಿರುಗುತ್ತಿತ್ತು. ಒಬ್ಬ ಹಗ್ಗವನ್ನು ಜಗ್ಗಿ ಬಿಡುತ್ತಿದ್ದ. ಇನ್ನೊಬ್ಬ ಉಳಿ ಹಿಡಿದು ಕೂತಿರುತ್ತಿದ್ದ. ಜೊತೆಯಿಲ್ಲದವನು ಬಿಲ್ಲಿನ ಹೆದೆಯನ್ನೇ ಹಗ್ಗ ಮಾಡಿಕೊಂಡು ಒಂದು ಕೈಯಲ್ಲಿ ಬಿಲ್ಲನ್ನೂ ಇನ್ನೊಂದರಲ್ಲಿ ಉಳಿಯನ್ನೂ ಆಡಿಸಿ ಸಣ್ಣಪುಟ್ಟ ಕೆಲಸ ತೀರಿಸಿಕೊಳ್ಳಬಹುದಿತ್ತು. ಆದರೆ ದಪ್ಪ ಮರಕ್ಕೆ ಕೈಯಿಟ್ಟಾಗ ಇಬ್ಬರು ಬೇಕೇ ಬೇಕು. ಕಡಲು ಕಡೆಯುವುದಕ್ಕೂ ಎರಡು ಪಕ್ಷ ಬೇಕಾಯಿತಲ್ಲವೆ?

ಭಾಷೆಯನ್ನು ಪಾಠ ಹೇಳುವ ನನ್ನಂಥವನಿಗೆ ಚನ್ನಪಟ್ಟಣದ ಬೊಂಬೆಗಳ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿದ್ದು ಈ ಶಬ್ದದ ದಾರಿಯಿಂದ. ಆ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಇಬ್ಬರ ಹೆಸರು ಹೇಳಿ ಮುಗಿಸುತ್ತಾರೆ: ಒಂದು ಟಿಪ್ಪು ಸುಲ್ತಾನನದು, ಇನ್ನೊಂದು ಬಾವಾಸ್ ಮಿಯಾ ಅವರದು. ಇಬ್ಬರಿಗೂ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಉಳಿ ಹಿಡಿದವನನ್ನು ನೆನೆದು ಹಗ್ಗ ಎಳೆದವನನ್ನು ಮರೆತರೆ ಕಥೆ ಅರ್ಧವೇ ಆಯಿತು. ಈ ಕಸುಬು ಇಷ್ಟು ಕಾಲ ಬಾಳಿರುವುದು ಪಕ್ಕದಲ್ಲಿ ಕೂತವರ ಬಲದಿಂದ; ಮುಂದೆ ಬಾಳಬೇಕಾದರೂ ಪಕ್ಕದ ಆ ಸ್ಥಳ ತೆರವಾಗಬಾರದು. ಇದೇ ನಾನು ಹೇಳಬೇಕೆಂದಿರುವ ಮಾತು.

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು ೬೦ ಕಿಲೋಮೀಟರು ಹೋದರೆ ಚನ್ನಪಟ್ಟಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ೨೦೦೭ರಲ್ಲಿ ರಾಮನಗರ ಜಿಲ್ಲೆಯಾಗಿ ಒಟ್ಟುಗೂಡಿದವು. ೨೦೨೫ರಲ್ಲಿ ರಾಜ್ಯ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟಿತು. ರಾಮನಗರಕ್ಕೆ ಬಂಡೆ ಬೆಟ್ಟಗಳು ಮತ್ತು ರೇಷ್ಮೆಗೂಡಿನ ಮಾರುಕಟ್ಟೆ, ಮಾಗಡಿಗೆ ಕೆಂಪೇಗೌಡರ ಕೀರ್ತಿ, ಕನಕಪುರಕ್ಕೆ ರೇಷ್ಮೆ ಮತ್ತು ಕಲ್ಲು, ಚನ್ನಪಟ್ಟಣಕ್ಕೆ ಬೊಂಬೆ. ಊರಿನ ಪಕ್ಕದ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಡುವ ಕೃಷ್ಣನಿದ್ದಾನೆ. ಅವನ ಕೈಯಲ್ಲಿ ಬೆಣ್ಣೆ. ಮಕ್ಕಳನ್ನು ಬೇಡುವ ದಂಪತಿಗಳು ಅವನಿಗೆ ಪುಟ್ಟ ತೊಟ್ಟಿಲುಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಮೊಸರು ಕಡೆದ ಬೆಣ್ಣೆಯ ದೇವರ ನೆರಳಿನಲ್ಲೇ ಮರ ಕಡೆದು ಮಕ್ಕಳನ್ನು ಆಡಿಸುವ ಜನ ನೆಲೆಸಿರುವುದು ಆಕಸ್ಮಿಕವೇ ಇರಬಹುದು. ಆದರೂ ಸೊಗಸಾದ ಆಕಸ್ಮಿಕ.

ಚನ್ನಪಟ್ಟಣದ ಕೋಟೆಯನ್ನು ಸುಮಾರು ೧೫೮೦ರಲ್ಲಿ ಕಟ್ಟಿಸಿದವನು ವಿಜಯನಗರದ ಅರಸರ ಅಧೀನನಾಗಿದ್ದ ಜಗದೇವರಾಯ. ೧೬೩೦ರಲ್ಲಿ ಊರು ಮೈಸೂರಿನ ಅರಸರ ಕೈಸೇರಿತು. ಮುಂದೆ ಟಿಪ್ಪು ಸುಲ್ತಾನ ಪರ್ಷಿಯದಿಂದ ಕುಶಲಿಗಳನ್ನು ಬರಮಾಡಿಕೊಂಡು ಇಲ್ಲಿಯ ಜನಕ್ಕೆ ಅರಗಿನ ಬೊಂಬೆಯ ಕೆಲಸವನ್ನು ಕಲಿಸಿದನೆಂಬುದು ಪ್ರತೀತಿ. ರೇಷ್ಮೆಯನ್ನು ಈ ಸೀಮೆಯಲ್ಲಿ ಬೆಳೆಸಲು ಶ್ರಮಿಸಿದ ಆ ದೊರೆಗೆ ಇದೂ ಹೊಳೆದಿದ್ದರೆ ಆಶ್ಚರ್ಯವಿಲ್ಲ. ಆದರೆ ಕಡೆಯುವ ವಿದ್ಯೆಯೇ ಹೊರಗಿನಿಂದ ಬಂದಿತೆಂದು ಭಾವಿಸಬೇಕಾದ್ದಿಲ್ಲ. ೧೧೧೭ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನ ನವರಂಗದಲ್ಲಿ ನಿಂತು ಕಂಬಗಳನ್ನು ನೋಡಿದವರಿಗೆ, ಬಳಪದ ಕಲ್ಲನ್ನೇ ತಿರುಗಿಸಿ ಬಳೆಬಳೆಯಾಗಿ ಕಡೆದ ಕೈಗಳು ಆ ಹೊತ್ತಿಗಾಗಲೇ ನಮ್ಮಲ್ಲಿದ್ದುವೆಂಬುದು ಹೊಳೆಯದೆ ಇರದು. ಪರದೇಶದವರು ತಂದಿರಬಹುದಾದದ್ದು ಬಣ್ಣದ ಅರಗಿನ ಹದ, ಬೊಂಬೆಯ ವಿನ್ಯಾಸ. ನೆಲ ಆಗಲೇ ಹದವಾಗಿತ್ತು.

ಟಿಪ್ಪುವಿನ ಪತನದ ಮರುವರ್ಷ, ೧೮೦೦ರಲ್ಲಿ, ಈ ಹಾದಿಯಾಗಿ ಬಂದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ತಯಾರಾಗುತ್ತಿದ್ದ ವಾದ್ಯಗಳ ಉಕ್ಕಿನ ತಂತಿಯನ್ನೂ ನಯವಾದ ಬಿಳಿ ಸಕ್ಕರೆಯನ್ನೂ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಲೂಯಿ ರೈಸನ ಮೈಸೂರು ಗೆಜೆಟಿಯರಿನಲ್ಲಿ, ಊರಿನ ಹೆಸರಿನೊಡನೆ ಅರಗಿನ ಸಾಮಾನುಗಳೂ ಬೊಂಬೆಗಳೂ ಸೇರಿಕೊಂಡಿವೆ. ತಂತಿ ಮತ್ತು ಗಾಜಿನ ಬಳೆ ಅವುಗಳ ಜೊತೆಯಲ್ಲಿವೆ. ಸಕ್ಕರೆಯನ್ನೂ ತಂತಿಯನ್ನೂ ಇಂದು ಯಾರೂ ಚನ್ನಪಟ್ಟಣದ ಹೆಸರಿನೊಡನೆ ಹೇಳುವುದಿಲ್ಲ; ಬೊಂಬೆ ಮಾತ್ರ ಉಳಿದಿದೆ. ಬುಕಾನನ್ ಹೇಳುವಂತೆ ಆ ಸಕ್ಕರೆಯ ಮರ್ಮ ಒಂದು ಮನೆತನದ ಕೈಯಲ್ಲಿತ್ತು. ಒಂದು ಮನೆಯ ಗುಟ್ಟಾದ ವಿದ್ಯೆ ಆ ಮನೆಯೊಡನೆ ಮುಗಿಯುತ್ತದೆ. ಕೇರಿಯ ಸೊತ್ತಾದ ವಿದ್ಯೆಗೆ ಆಯುಸ್ಸು ಹೆಚ್ಚು. ಕಡೆಯುವ ಕೆಲಸ ಇಲ್ಲಿ ಒಂದೇ ಜಾತಿಯ, ಒಂದೇ ಮತದ ಕುಲಕಸುಬಾಗಿ ಉಳಿಯಲಿಲ್ಲ. ಮುಸಲ್ಮಾನರೂ ಹಿಂದೂಗಳೂ ಅಕ್ಕಪಕ್ಕದಲ್ಲಿ ಕೂತು ಕಲಿತರು.

ಅವರು ಕಲಿತದ್ದಾದರೂ ಏನು? ಮೊದಲು ಮರದ ಮಾತು. ಹಾಲೆ ಮರ, ಜನರ ಬಾಯಲ್ಲಿ ಆಲೆ ಮರ, ಬಯಲುಸೀಮೆಯ ಒಣ ಕಾಡುಗಳಲ್ಲಿ ಬೆಳೆಯುವ ಸಾಧಾರಣ ಗಿಡ. ಕಡಿದರೆ ಹಾಲು ಸುರಿಸುತ್ತದೆ. ಅದರ ತಿರುಳು ದಂತದಂತೆ ಬೆಳ್ಳಗೆ. ಎಳೆ ಒತ್ತೊತ್ತಾಗಿ ಕಣ್ಣಿಗೆ ಕಾಣಿಸದಷ್ಟು ನಯ. ಬಾಗಿಲಿಗೆ, ತೊಲೆಗೆ ಒದಗದ ಮರ ಬೊಂಬೆಗೆ ಹೇಳಿಮಾಡಿಸಿದಂತಿದೆ. ಕಡಿದ ಕೊಂಬೆಗಳನ್ನು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು. ಆತುರಪಟ್ಟವನ ಬೊಂಬೆ ಗಿರಾಕಿಯ ಮನೆಗೆ ಹೋಗಿ ಸೀಳುತ್ತದೆ. ಒಣಗಿದ ತುಂಡನ್ನು ಯಂತ್ರಕ್ಕೆ ಬಿಗಿದು, ದಪ್ಪ ಉಳಿಯಿಂದ ಒರಟು ತೆಗೆದು, ಸಣ್ಣ ಉಳಿಯಿಂದ ಆಕಾರ ಕೊಟ್ಟು, ನುಣುಪು ಮಾಡುವಷ್ಟರಲ್ಲಿ ಅರ್ಧ ಕೆಲಸವಾಯಿತು.

ಉಳಿದರ್ಧ ಅರಗಿನದು. ಅರಗೆಂದರೆ ನಮಗೆ ಪಾಂಡವರ ಅರಗಿನ ಮನೆ ನೆನಪಾಗುತ್ತದೆ. ಅಲ್ಲಿ ಸುಡುವುದಕ್ಕೆ ಒದಗಿದ ವಸ್ತು ಇಲ್ಲಿ ಹೊಳೆಯುವುದಕ್ಕೆ ಒದಗುತ್ತದೆ. ಅರಗನ್ನು ಕಾಯಿಸಿ, ಬಣ್ಣ ಬೆರೆಸಿ, ಅಂಟುಮಿಠಾಯಿಯಂತೆ ಎಳೆದೆಳೆದು ಮಡಿಸಿ, ಕಡ್ಡಿ ಮಾಡಿಡುತ್ತಾರೆ. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಕಾಚಿನಿಂದ ಕಂದು. ಮಗು ಬಾಯಿಗೆ ಹಾಕಿಕೊಂಡರೂ ಕೆಡುಕಿಲ್ಲವೆಂಬ ಹೆಸರು ಈ ಬೊಂಬೆಗೆ ಬಂದಿರುವುದು ಇಂಥ ಬಣ್ಣಗಳಿಂದ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬೆಂಕಿಯೂ ಬೇಡ, ಕುಂಚವೂ ಬೇಡ. ಆಮೇಲೆ ಕೇದಗೆಯ ಜಾತಿಯ ಒಣಗರಿಯೊಂದನ್ನು ಮಡಿಸಿ ಒತ್ತುತ್ತಾರೆ. ಗರಿ ಹರಿದಾಡಿದ ಕಡೆ ಬಣ್ಣ ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಕಡ್ಡಿಯನ್ನು ಎಷ್ಟು ಒತ್ತಬೇಕು, ಗರಿಯನ್ನು ಯಾವ ಗಳಿಗೆಯಲ್ಲಿ ತೆಗೆಯಬೇಕು ಎಂಬುದನ್ನು ಬರೆದು ಕಲಿಸಲಾಗದು. ಬಲ್ಲವನ ಮಗ್ಗುಲಲ್ಲಿ ಕೂತು, ಅವನ ಮೊಣಕೈಯ ಚಲನೆಯನ್ನು ನೋಡಿ ನೋಡಿ, ಹತ್ತು ತುಂಡು ಕೆಡಿಸಿ ಕಲಿಯಬೇಕು.

ಹಗ್ಗ ಎಳೆಯುವವನ ಬೆಲೆ ಗೊತ್ತಾಗುವುದು ಇಲ್ಲಿ. ಅವನು ಬರಿಯ ಕೂಲಿಯಾಗಿರಲಿಲ್ಲ. ಎದುರಿಗೆ ಕೂತು ಇಡೀ ದಿನ ಹಗ್ಗ ಜಗ್ಗುವ ಹುಡುಗನ ಕಣ್ಣು ಇಡೀ ದಿನ ಉಳಿಯ ಮೇಲೆಯೇ ಇರುತ್ತಿತ್ತು. ಇಂದು ಹಗ್ಗ ಹಿಡಿದವನು ನಾಳೆ ಉಳಿ ಹಿಡಿಯುತ್ತಿದ್ದ. ಶಾಲೆಯೆಂಬ ಹೆಸರಿಲ್ಲದ ಶಾಲೆ ಅದು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸಂಸ್ಥಾನ ಊರೂರಿಗೆ ಕೈಗಾರಿಕಾ ಶಾಲೆಗಳನ್ನು ಹಂಚಿತು. ಚನ್ನಪಟ್ಟಣಕ್ಕೂ ಒಂದು ಬಂತು. ಬೊಂಬೆಗಳ ಪಿತಾಮಹರೆಂದು ಊರು ಈಗಲೂ ನೆನೆಯುವ ಬಾವಾಸ್ ಮಿಯಾ ಜಪಾನಿನ ಕೆಲಸದ ರೀತಿಯನ್ನು ಅಳವಡಿಸಿ ಇಲ್ಲಿಯ ಕುಶಲಿಗಳಿಗೆ ಕಲಿಸಿಕೊಟ್ಟರು. ಕಾಲಕ್ರಮದಲ್ಲಿ ವಿದ್ಯುತ್ತಿನ ಯಂತ್ರ ಬಂದಿತು. ಕೆಲಸದ ಸ್ವರೂಪವೇ ಬದಲಾಯಿತು. ಹಗ್ಗದ ಯಂತ್ರ ಹಿಂದು ಮುಂದಾಗಿ ತಿರುಗುವುದರಿಂದ ಉಳಿ ಕಚ್ಚುವುದು ಅರ್ಧ ಸುತ್ತಿನಲ್ಲಿ ಮಾತ್ರ; ವಿದ್ಯುತ್ತಿನದು ಒಂದೇ ಕಡೆಗೆ ಎಡೆಬಿಡದೆ ತಿರುಗುತ್ತದೆ. ಕೆಲಸ ಬೇಗ ಸಾಗಿತು, ಅರಗು ಸಮನಾಗಿ ಕೂತಿತು. ಇದು ಲಾಭ. ಆದರೆ ಎದುರಿನ ಹುಡುಗನಿಗೆ ಕೆಲಸವಿಲ್ಲವಾಯಿತು. ಅವನೊಡನೆ ಆ ಹೆಸರಿಲ್ಲದ ಶಾಲೆಯೂ ಎದ್ದುಹೋಯಿತು. ಹಗ್ಗ ಮಾಡುತ್ತಿದ್ದ ಕೆಲಸವನ್ನು ಅಲ್ಲಿಂದೀಚೆಗೆ ಸಂಸ್ಥೆಗಳು ಮಾಡಬೇಕಾಗಿ ಬಂತು.

ಬೇರೆ ನಾಡುಗಳಲ್ಲಿಯೂ ಈ ಕಸುಬು ಕೂಟವನ್ನು ನೆಚ್ಚಿಕೊಂಡೇ ಬೆಳೆದಿದೆ. ಲಂಡನ್ನಿನ ಕಡೆತದವರ ಸಂಘಕ್ಕೆ ೧೬೦೪ರಲ್ಲಿ ಒಂದನೆಯ ಜೇಮ್ಸ್ ದೊರೆ ಸನ್ನದು ಕೊಟ್ಟ. ಅಮೆರಿಕದಲ್ಲಿ ೧೯೮೬ರಲ್ಲಿ ಮರ ಕಡೆಯುವವರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ಊರೂರ ಕೂಟಗಳು ಅದರ ಆಶ್ರಯದಲ್ಲಿವೆ. ಆ ಕೂಟಗಳ ಸದಸ್ಯರಲ್ಲಿ ಬಹುಮಂದಿ ಹವ್ಯಾಸಿಗಳು. ತಿಂಗಳಿಗೊಮ್ಮೆ ಕಲೆಯುತ್ತಾರೆ, ನುರಿತವರೊಬ್ಬರು ಎಲ್ಲರ ಮುಂದೆ ಮರ ಕಡೆದು ತೋರಿಸುತ್ತಾರೆ, ಉಳಿದವರು ತಾವು ಮಾಡಿ ತಂದ ಬಟ್ಟಲು ಬುಗುರಿಗಳನ್ನು ಮೇಜಿನ ಮೇಲಿಟ್ಟು ಗುಣದೋಷಗಳನ್ನು ಹೇಳಿಸಿಕೊಳ್ಳುತ್ತಾರೆ. ಅವರಿಗೆ ಅದು ವಿರಾಮದ ಸಂತೋಷ, ನಮ್ಮವರಿಗೆ ಅನ್ನದ ದಾರಿ. ಈ ಅಂತರ ಸಣ್ಣದಲ್ಲ. ಆದರೂ ಒಬ್ಬನ ತಪ್ಪು ಹತ್ತು ಜನಕ್ಕೆ ಪಾಠವಾಗುವ ಆ ಪದ್ಧತಿ ನಮ್ಮ ಕೇರಿಗಳಿಗೆ ಹೊಸದೇನೂ ಅಲ್ಲ.

ಚನ್ನಪಟ್ಟಣದಲ್ಲಿ ಇಂಥ ಜೊತೆಯನ್ನು ಮತ್ತೆ ಕಟ್ಟುವ ಯತ್ನಗಳು ಹಲವು ನಡೆದಿವೆ. ೧೯೬೪ರಲ್ಲಿ ಸ್ಥಾಪನೆಯಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಕಾವೇರಿ ಮಳಿಗೆಗಳ ಮೂಲಕ ಮಾರಾಟಕ್ಕೆ ಬೆಂಬಲವಾಯಿತು. ಸರ್ಕಾರ ಕಟ್ಟಿಸಿದ ಅರಗು ಕುಶಲಕಲೆಯ ಸಂಕೀರ್ಣದಲ್ಲಿ ೩೨ ಕಡೆಯುವ ಯಂತ್ರಗಳನ್ನು ಒಂದೇ ಸೂರಿನಡಿ ಇಡಲಾಯಿತು. ‘ವಿಶ್ವ’ ಯೋಜನೆ ಮತ್ತು ಡಚ್ ಸರ್ಕಾರದ ನೆರವಿನಿಂದ ಕುಶಲಿಗಳಿಗೆ ಹಣದ ಸಹಾಯ ದೊರೆಯಿತು. ಕಲಾನಗರವೆಂಬ ಬಡಾವಣೆ ಎದ್ದಿತು. ಮಾಯಾ ಆರ್ಗ್ಯಾನಿಕ್‌ನಂಥ ಸಂಸ್ಥೆಗಳು ಕೆಲಸಗಾರರನ್ನು ಗುಂಪುಗಳಾಗಿ ಸಂಘಟಿಸಿದವು. ೨೦೦೬ರ ಒಂದು ಲೆಕ್ಕದಂತೆ ೨೫೪ ಮನೆಗಳಲ್ಲಿಯೂ ೫೦ ಸಣ್ಣ ಕಾರ್ಖಾನೆಗಳಲ್ಲಿಯೂ ಆರು ಸಾವಿರಕ್ಕೂ ಮಿಕ್ಕ ಜನ ಈ ಕೆಲಸದಲ್ಲಿದ್ದರು. ಒಂದು ಕಾಲಕ್ಕೆ ಬಣ್ಣ, ಜೋಡಣೆಗಳಲ್ಲಿ ಮಾತ್ರ ಕಾಣುತ್ತಿದ್ದ ಹೆಂಗಸರು ಇಂದು ಯಂತ್ರದ ಮುಂದೆಯೂ ಕೂತಿದ್ದಾರೆ. ಎದುರಿನ ಸ್ಥಳ ತೆರವಾಗಿದ್ದಾಗ ಅದನ್ನು ತುಂಬಿದವರು ಇವರು. ಈಚಿನ ದಿನಗಳಲ್ಲಿ ಈ ಕಸುಬಿಗೆ ಒದಗಿದ ದೊಡ್ಡ ಭಾಗ್ಯವೆಂದರೆ ಇದೇ ಎಂದು ನನ್ನ ಭಾವನೆ.

ಕಷ್ಟಗಳೂ ಸಾಲಾಗಿ ಬಂದಿವೆ. ೨೦೦೧ರಲ್ಲಿ ಆಮದಿನ ಮೇಲಿದ್ದ ಪರಿಮಾಣದ ನಿರ್ಬಂಧಗಳು ತೆರವಾದ ಮೇಲೆ ಚೀನದ ಅಗ್ಗದ ಪ್ಲಾಸ್ಟಿಕ್ ಆಟದ ಸಾಮಾನು ಸಂತೆ ಜಾತ್ರೆಗಳನ್ನೆಲ್ಲ ತುಂಬಿತು. ೨೦೦೫–೦೬ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಆಮದು ಆಟಿಕೆಗಳ ಸುಂಕ ೨೦೨೦ರಲ್ಲಿ ಶೇಕಡ ೨೦ರಿಂದ ೬೦ಕ್ಕೆ, ೨೦೨೩ರಲ್ಲಿ ೭೦ಕ್ಕೆ ಏರಿತು. ೨೦೨೦ರ ಆಗಸ್ಟ್ ೩೦ರ ತಮ್ಮ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಈ ಊರಿನ ಹೆಸರನ್ನು ದೇಶಕ್ಕೆಲ್ಲ ಹೇಳಿದರು. ಅಷ್ಟರಲ್ಲಿ ಇನ್ನೊಂದು ತೊಡಕು. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯ ಬದಿಯ ಅಂಗಡಿಗಳ ಮುಂದೆ ಕಾರು ನಿಲ್ಲಿಸಿ, ಮಗುವಿನ ಹಟಕ್ಕೆ ಸೋತು ಒಂದು ಗಾಡಿಯನ್ನೋ ಬುಗುರಿಯನ್ನೋ ಕೊಳ್ಳುತ್ತಿದ್ದ ದಾರಿಹೋಕರು ಈಗ ಆ ಹಟವನ್ನೇ ಕೇಳದಷ್ಟು ವೇಗವಾಗಿ ಹೋಗಿಬಿಡುತ್ತಾರೆ.

ಭೌಗೋಳಿಕ ಗುರುತಿನಲ್ಲಿ ಗಮನಿಸತಕ್ಕ ವಿಶೇಷವೊಂದಿದೆ. ಅದು ಒಬ್ಬ ಮಾಲೀಕನ ಮುದ್ರೆಯಲ್ಲ. ಆ ಸೀಮೆಯಲ್ಲಿ ಆ ವಿಧಾನದಿಂದ ಕೆಲಸಮಾಡುವವರೆಲ್ಲರ ಕೂಡುಸೊತ್ತು. ಅಂದರೆ ಕಾನೂನು ಕೂಡ ಈ ವಿದ್ಯೆ ಕೇರಿಯದೆಂದೇ ಒಪ್ಪಿದೆ. ಆದರೆ ಕಾನೂನು ಕಾಯಬಲ್ಲದ್ದು ಹೆಸರನ್ನು. ಕೈಯನ್ನು ಕಾಯುವುದು ಅದರಿಂದಾಗದು. ಬಿಡದಿಯ ದೊಡ್ಡ ಕಾರ್ಖಾನೆಗಳು ಚನ್ನಪಟ್ಟಣಕ್ಕೆ ದೂರವೇನಲ್ಲ. ಬೊಂಬೆಯವರ ಮಗ ಅಲ್ಲಿಗೆ ಹೋದರೆ ತಿಂಗಳ ಸಂಬಳ ಖಚಿತ. ಬಹುಶಃ ಅಲ್ಲಿಯೂ ಅವನು ಒಂದು ಲೇತಿನ ಮುಂದೆಯೇ ನಿಂತಾನು, ಮರದ ಬದಲು ಕಬ್ಬಿಣ ಕಡೆದಾನು. ಅವನನ್ನು ದೂರುವ ಹಕ್ಕು, ಮಕ್ಕಳಿಗೆ ಸಂಬಳದ ಕೆಲಸವನ್ನೇ ಹಾರೈಸುವ ನಮಗೆ ಇಲ್ಲ. ದುಡಿಮೆಗೆ ತಕ್ಕ ಕೂಲಿ, ಕಾಲಕ್ಕೆ ಸರಿಯಾಗಿ ಹಾಲೆ ಮರ, ಎದುರಿಗೆ ಕೂತು ಕಲಿಯಲು ಒಬ್ಬ ಹುಡುಗನೋ ಹುಡುಗಿಯೋ: ಈ ಮೂರು ಇದ್ದರೆ ಕಸುಬು ಉಳಿಯುತ್ತದೆ. ಇವಿಲ್ಲದೆ ಹೆಸರು ಮಾತ್ರ ಉಳಿದರೆ, ಆ ಹೆಸರನ್ನು ಹೊತ್ತ ಬೊಂಬೆಯನ್ನು ಬೇರೆ ಯಾರೋ ಬೇರೆಲ್ಲಿಯೋ ಮಾಡುವ ದಿನ ಬಂದೀತು.

ಈ ಸಲ ದಸರೆಯ ಮೆಟ್ಟಿಲಿಗೆ ಬೊಂಬೆ ಕೊಳ್ಳುವವರು ಊರಿನ ಹೆಸರೊಂದನ್ನೇ ಕೇಳಿ ಸುಮ್ಮನಾಗದೆ, ಇದನ್ನು ಕಡೆದವರು ಯಾರು ಎಂದೂ ಕೇಳಲಿ. ಕನ್ನಡದಲ್ಲಿ ‘ಕಡೆ’ ಎಂದರೆ ಕೊನೆ ಎಂಬ ಅರ್ಥವೂ ಇದೆ, ಪಕ್ಕ ಎಂಬ ಅರ್ಥವೂ ಇದೆ. ಈ ವಿದ್ಯೆ ಯಾವ ‘ಕಡೆ’ಯನ್ನು ಮುಟ್ಟೀತೆಂಬುದು, ಕಡೆಯುವವರ ಕಡೆ ಎಷ್ಟು ಜನ ಕೂತಿದ್ದಾರೆ ಎಂಬುದನ್ನು ಅವಲಂಬಿಸಿದೆ.