ಪುನರುತ್ಪಾದನಾ ದರ (ಚಾರಿತ್ರಿಕ ಜನಸಂಖ್ಯಾಶಾಸ್ತ್ರ)

ಒಂದು ತಲೆಮಾರಿನ ಹೆಂಗಸರ ಸ್ಥಾನವನ್ನು ಅವರ ಹೆಣ್ಣುಮಕ್ಕಳು ಎಷ್ಟರಮಟ್ಟಿಗೆ ತುಂಬುತ್ತಾರೆ ಎಂಬುದನ್ನು ತಿಳಿಸುವ ಅಳತೆ. ಜನಗಣತಿಯೇ ಇಲ್ಲದ ಕಾಲದಲ್ಲಿ ಒಂದು ಸಮಾಜ ಬೆಳೆಯಿತೇ, ಕುಗ್ಗಿತೇ, ಅದಕ್ಕೆ ಕಾರಣವೇನು ಎಂದು ಅರಿಯಲು ಇದು ಮುಖ್ಯ ಸಾಧನ.

ಮಾಪನ: ಸಾವಿರ ಜನರಿಗೆ ಇಷ್ಟು ಜನನ ಎಂಬ ಲೆಕ್ಕ ವಯೋರಚನೆಗೆ ತಕ್ಕಂತೆ ಏರಿಳಿಯುತ್ತದೆ; ಯುವಜನರು ಹೆಚ್ಚಿದ್ದರೆ ಜನನವೂ ಹೆಚ್ಚು. ಈ ದೋಷವನ್ನು ತಪ್ಪಿಸಲು ಒಬ್ಬ ಹೆಂಗಸು ಹೆರುವ ಹೆಣ್ಣುಮಕ್ಕಳ ಸರಾಸರಿಯನ್ನು ಲೆಕ್ಕಹಾಕುತ್ತಾರೆ. ಇದು ಸ್ಥೂಲ ಪುನರುತ್ಪಾದನಾ ದರ. ಹೆರಿಗೆಯ ವಯಸ್ಸು ತಲುಪುವ ಮುನ್ನವೂ ಆ ವಯಸ್ಸಿನ ನಡುವೆಯೂ ಸಂಭವಿಸುವ ಸಾವುಗಳನ್ನು ಕಳೆದರೆ ನಿವ್ವಳ ದರ ಸಿಗುತ್ತದೆ. ಉದಾಹರಣೆಗೆ, ತಲಾ 5 ಮಕ್ಕಳು ಹುಟ್ಟಿ, ಪ್ರತಿ 205 ಜನನಗಳಲ್ಲಿ 100 ಹೆಣ್ಣಾಗಿದ್ದರೆ ಸ್ಥೂಲ ದರ 2.44. ಆ ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಾತ್ರ ತಾಯ್ತನದ ಸರಾಸರಿ ವಯಸ್ಸಿನವರೆಗೆ ಬದುಕಿದರೆ ನಿವ್ವಳ ದರ ಸುಮಾರು 1.22. ನಿವ್ವಳ ದರ 1 ಆಗಿದ್ದು ಹಾಗೆಯೇ ಮುಂದುವರಿದರೆ, ವಲಸೆಯಿಲ್ಲದ ಜನಸಂಖ್ಯೆ ಕ್ರಮೇಣ ಸ್ಥಿರಗೊಳ್ಳುತ್ತದೆ.

ಆಕರ ಮತ್ತು ವಿಧಾನ: ಇಂಗ್ಲೆಂಡಿನಲ್ಲಿ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್‌ನ ಚರ್ಚು ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಾಖಲಿಸತೊಡಗಿತು. ಇಂಥ ದಾಖಲೆಗಳಲ್ಲಿ ಚದುರಿರುವ ಹೆಸರುಗಳನ್ನು ಜೋಡಿಸಿ ಒಂದೊಂದೇ ಸಂಸಾರದ ಚರಿತ್ರೆಯನ್ನು ಕಟ್ಟುವ 'ಕುಟುಂಬ ಪುನಾರಚನೆ' ವಿಧಾನವನ್ನು 1950ರ ದಶಕದಲ್ಲಿ ಫ್ರಾನ್ಸಿನ ಲೂಯಿ ಆನ್ರಿ ರೂಪಿಸಿದರು. ನಾರ್ಮಂಡಿಯ ಕ್ರೂಲೇ ಗ್ರಾಮದ ಅಧ್ಯಯನ (1958) ಇದಕ್ಕೆ ಮಾದರಿಯಾಯಿತು. ಇ. ಎ. ರಿಗ್ಲಿ ಮತ್ತು ಆರ್. ಎಸ್. ಸ್ಕೊಫೀಲ್ಡ್ ಇಂಗ್ಲೆಂಡಿನ 404 ಪ್ಯಾರಿಷ್‌ಗಳ ಜನನ–ಮರಣ ಮೊತ್ತಗಳನ್ನು ಬಳಸಿ, 1871ರ ಜನಗಣತಿಯಿಂದ 1541ರವರೆಗೆ ಹಿಮ್ಮುಖವಾಗಿ ಲೆಕ್ಕಹಾಕಿ, ಫಲಿತಾಂಶವನ್ನು 1981ರಲ್ಲಿ ಪ್ರಕಟಿಸಿದರು.

ಫಲಿತಾಂಶ: ಈ ಅಂದಾಜಿನಂತೆ ಇಂಗ್ಲೆಂಡಿನ ಸ್ಥೂಲ ದರ 17ನೇ ಶತಮಾನದ ಮಧ್ಯದಲ್ಲಿ 2ರ ಆಸುಪಾಸಿಗೆ ಇಳಿದು, 19ನೇ ಶತಮಾನದ ಆರಂಭದಲ್ಲಿ ಸುಮಾರು 3ಕ್ಕೆ ಏರಿತು. ಮರಣ ತಗ್ಗಿದ್ದರಿಂದಲೇ ಜನಸಂಖ್ಯೆ ಹೆಚ್ಚಿತೆಂಬ ನಂಬಿಕೆಯನ್ನು ಇದು ಅಲುಗಿಸಿತು. ಹೆಂಗಸರ ಮೊದಲ ಮದುವೆಯ ಸರಾಸರಿ ವಯಸ್ಸು 18ನೇ ಶತಮಾನದಲ್ಲಿ ಸುಮಾರು 26ರಿಂದ 24ರತ್ತ ಇಳಿದಿತ್ತು. ಅವಿವಾಹಿತರಾಗಿ ಉಳಿಯುವವರೂ ಹಿಂದಿನ ಶತಮಾನಕ್ಕಿಂತ ಕಡಿಮೆಯಾಗಿದ್ದರು. ಬೆಳವಣಿಗೆಯ ಹೆಚ್ಚಿನ ಪಾಲು ಮದುವೆಯ ಈ ಬದಲಾವಣೆಯಿಂದ ಬಂದಿತ್ತು.

ಮಿತಿಗಳು: ದೀಕ್ಷಾಸ್ನಾನಕ್ಕೆ ಮುನ್ನವೇ ತೀರಿಕೊಂಡ ಶಿಶುಗಳು, ಅಧಿಕೃತ ಚರ್ಚಿನಿಂದ ದೂರವಿದ್ದ ಪಂಥಗಳವರು ಮತ್ತು ಊರು ಬಿಟ್ಟವರು ಈ ದಾಖಲೆಗಳಿಂದ ಜಾರಿಹೋಗುತ್ತಾರೆ, ಆದ್ದರಿಂದ ತಿದ್ದುಪಡಿ ಅನಿವಾರ್ಯ. ಭಾರತದಲ್ಲಿ ಇಷ್ಟು ದೀರ್ಘ ದಾಖಲೆಗಳು ವಿರಳವಾದ ಕಾರಣ, 1881ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಗಳ ವಯೋಪಟ್ಟಿಗಳನ್ನು ಆಧರಿಸಿ ಹಿಂದಿನ ದರಗಳನ್ನು ಅಂದಾಜಿಸಲಾಗಿದೆ.